ಸಂಪರ್ಕಗಳನ್ನು ಎಣಿಸುವವರು ಯಾರು?

ತಿಂಗಳಿಗೆ ನಾಲ್ಕು ದಿನ, 7, 14, 21 ಮತ್ತು 28ನೇ ತಾರೀಕು, ಸಂಜೆ 7ರಿಂದ ರಾತ್ರಿ 11ರ ನಡುವೆ ಯಾವುದಾದರೂ ಒಂದು ಹೊತ್ತಿನಲ್ಲಿ, ದೇಶದ ಪ್ರತಿ ಕೇಬಲ್ ಮತ್ತು ಡಿಟಿಎಚ್ ಕಂಪನಿ ತನ್ನ ಚಾಲ್ತಿ ಚಂದಾದಾರರನ್ನು ಎಣಿಸಬೇಕು. ನಾಲ್ಕೂ ಸಂಖ್ಯೆಗಳ ಸರಾಸರಿಯೇ ಆ ತಿಂಗಳ ಲೆಕ್ಕ. ಪೇ ಚಾನೆಲ್‌ಗಳಿಗೆ ಸಲ್ಲಬೇಕಾದ ಹಣ ನಿರ್ಧಾರವಾಗುವುದು ಅದರ ಮೇಲೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಮಾಡಿದ ನಿಯಮವಿದು. ಮನೆಗಳನ್ನು ಎಣಿಸುವಂಥ ಸರಳ ಕೆಲಸಕ್ಕೆ ತಾರೀಕು, ಗಂಟೆಗಳನ್ನೂ ಗೊತ್ತುಪಡಿಸಬೇಕಾಗಿ ಬಂತೆಂದರೆ, ಅದರ ಹಿಂದೆ ಎರಡು ದಶಕಕ್ಕೂ ಹೆಚ್ಚಿನ ಜಗಳವಿದೆ.

ಸರ್ಕಾರ ದರ ಕಟ್ಟುವುದಕ್ಕೆ, ತೆರಿಗೆ ವಸೂಲಿಗೆ, ತರಂಗಾಂತರ ಹಂಚುವುದಕ್ಕೆ, ಸೇವೆಯ ಗುಣಮಟ್ಟ ಅಳೆಯುವುದಕ್ಕೆ ಅಂಕಿಅಂಶ ಬೇಕು. ಆ ಅಂಕಿಅಂಶ ಇರುವುದು ನಿಯಂತ್ರಣಕ್ಕೆ ಒಳಪಡಬೇಕಾದವರ ಕೈಯಲ್ಲೇ. ಅವರು ಹೇಳಿದ್ದನ್ನು ನಂಬಬೇಕೇ, ಯಂತ್ರದಿಂದ ತೆಗೆಯಬೇಕೇ, ಲೆಕ್ಕಪರಿಶೋಧಕರನ್ನು ಕಳಿಸಬೇಕೇ, ಮನೆಮನೆಗೆ ಹೋಗಿ ಕೇಳಬೇಕೇ, ಅಥವಾ ನಿಯಂತ್ರಣವನ್ನೇ ಬಿಟ್ಟು ಲೆಕ್ಕದ ಗೋಜಿನಿಂದ ಹೊರಬರಬೇಕೇ? ಐದು ಉತ್ತರಗಳಿಗೂ ಗಟ್ಟಿ ಸಮರ್ಥಕರಿದ್ದಾರೆ. ನಾನು ಕಂಡುಕೊಂಡ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಉದ್ಯಮದಲ್ಲಿ ಸಂಖ್ಯೆ ಸುಮ್ಮಸುಮ್ಮನೆ ತಪ್ಪುವುದಿಲ್ಲ. ತಪ್ಪಿಗೆ ಒಂದು ದಿಕ್ಕಿರುತ್ತದೆ. ಕೇಬಲ್‌ನಲ್ಲಿ ಚಂದಾದಾರರು ಯಾವಾಗಲೂ ಕಡಿಮೆಯಾಗಿ ಕಂಡರು, ಮೊಬೈಲ್‌ನಲ್ಲಿ ಯಾವಾಗಲೂ ಹೆಚ್ಚಾಗಿ ಕಂಡರು. ಒಂದು ಕಡೆ ಸಂಖ್ಯೆಗೆ ತಕ್ಕಂತೆ ಹಣ ಕೊಡಬೇಕಿತ್ತು, ಇನ್ನೊಂದು ಕಡೆ ಸಂಖ್ಯೆಗೆ ತಕ್ಕಂತೆ ಲಾಭ ಸಿಗುತ್ತಿತ್ತು.

ಅಂಚೆ ಕಚೇರಿಯ ನೋಂದಣಿ ಪುಸ್ತಕ

1991ರಲ್ಲಿ ಕೊಲ್ಲಿ ಯುದ್ಧದ ದೃಶ್ಯಗಳು ಉಪಗ್ರಹದ ಮೂಲಕ ಇಳಿದವು. ಅದೇ ವರ್ಷ ಸ್ಟಾರ್ ಟಿವಿ, ಮರುವರ್ಷ ಜೀ ಟಿವಿ, 1994ರಲ್ಲಿ ಕನ್ನಡಕ್ಕೆ ಉದಯ ಟಿವಿ ಬಂದವು. ಬಡಾವಣೆಯಲ್ಲಿ ಯಾರೋ ಒಬ್ಬರು ತಾರಸಿಯ ಮೇಲೆ ಡಿಶ್ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ವೈರು ಎಳೆದು ಮನೆಗಳಿಗೆ ಕನೆಕ್ಷನ್ ಕೊಟ್ಟರು. ಈ ಉದ್ಯಮ ಹುಟ್ಟಿದ್ದು ಯಾವ ಸರ್ಕಾರಿ ಯೋಜನೆಯಿಂದಲೂ ಅಲ್ಲ, ಯಾವ ದೊಡ್ಡ ಬಂಡವಾಳದಿಂದಲೂ ಅಲ್ಲ. ಸಾವಿರಾರು ಸಣ್ಣ ಉದ್ಯಮಿಗಳು, ಬಹುಪಾಲು ಕೆಳಮಧ್ಯಮ ವರ್ಗದ ಯುವಕರು, ತಮ್ಮ ಓಣಿಯಲ್ಲಿ ತಾವೇ ಕಟ್ಟಿದ್ದು. ಈಗಿನ ಚರ್ಚೆಯಲ್ಲಿ ಅವರನ್ನು ಲೆಕ್ಕ ಮುಚ್ಚಿಟ್ಟವರೆಂದಷ್ಟೇ ನೋಡುವ ರೂಢಿ ಇದೆ, ಅದು ಅನ್ಯಾಯ.

ಸರ್ಕಾರದ ಕೈಯಲ್ಲಿ ಆಗ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. 1994ರಲ್ಲಿ ಸುಗ್ರೀವಾಜ್ಞೆ, 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂದವು. ಆಕಾಶದ ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ ಸಾರಿದ್ದೂ ಅದೇ 1995ರಲ್ಲಿ. ಕೇಬಲ್ ಕಾಯ್ದೆಯ ಪ್ರಕಾರ ನೋಂದಣಿಯ ಅಧಿಕಾರಿ ಆಯಾ ಪ್ರದೇಶದ ಮುಖ್ಯ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್. ಆ ಪುಸ್ತಕದಲ್ಲಿ ಕೇಬಲ್‌ನವರ ಹೆಸರು ಸೇರುತ್ತಿತ್ತೇ ಹೊರತು, ಅವರು ಎಷ್ಟು ಮನೆಗೆ ವೈರು ಎಳೆದಿದ್ದಾರೆಂಬುದನ್ನು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. ಕಾಗದದ ದಾಖಲೆಗಳು ಊರೂರಿನ ಅಂಚೆ ಕಚೇರಿಗಳಲ್ಲಿ ಚದುರಿ ಬಿದ್ದಿದ್ದರಿಂದ, ದೇಶದಲ್ಲಿ ಕೇಬಲ್ ಆಪರೇಟರ್‌ಗಳು ಎಷ್ಟು ಮಂದಿ ಎಂಬುದಕ್ಕೂ ದಶಕಗಳ ಕಾಲ ಅಂದಾಜೇ ಗತಿಯಾಯಿತು. ‘ಸುಮಾರು 60 ಸಾವಿರ’ ಎಂಬ ಮಾತು ದಾಖಲೆಯಿಂದ ದಾಖಲೆಗೆ ದಾಟುತ್ತಾ ಬಂತು. ನೋಂದಣಿ ಅಂಚೆ ಕಚೇರಿಯಿಂದ ಹೊರಬಂದು, ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಗೆ ಸೇರಿದ್ದು 2025ರ ಜನವರಿಯಲ್ಲಿ. ಕಾಯ್ದೆಗೆ ಆಗ ಮೂವತ್ತು ವರ್ಷ.

ಇತ್ತ 1997ರಲ್ಲಿ ಟ್ರಾಯ್ ಹುಟ್ಟಿತು. 2000ದ ತಿದ್ದುಪಡಿಯಲ್ಲಿ ವ್ಯಾಜ್ಯಗಳಿಗೆ ಟಿಡಿಸ್ಯಾಟ್ ಎಂಬ ಬೇರೆ ನ್ಯಾಯಮಂಡಳಿ ಬಂತು. 2004ರ ಜನವರಿ 9ರ ಅಧಿಸೂಚನೆ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನೂ ಟ್ರಾಯ್ ವ್ಯಾಪ್ತಿಗೆ ತಂದಿತು. ಟ್ರಾಯ್ ಮಾಡಿದ ಮೊದಲ ಕೆಲಸ, ಕೇಬಲ್ ದರಗಳನ್ನು 2003ರ ಡಿಸೆಂಬರ್ 26ರಂದು ಇದ್ದಲ್ಲಿಗೇ ನಿಲ್ಲಿಸಿದ್ದು. ದರ ನಿಂತಿತು. ಆದರೆ ದರವನ್ನು ಯಾವ ಸಂಖ್ಯೆಯಿಂದ ಗುಣಿಸಬೇಕು ಎಂಬುದು ಹಾಗೇ ಉಳಿಯಿತು.

ಹೇಳಿದ್ದೇ ಲೆಕ್ಕ

ಹಳೆಯ ಅನಲಾಗ್ ಕೇಬಲ್ ಹೇಗೆ ಕೆಲಸ ಮಾಡುತ್ತಿತ್ತೆಂದು ನೋಡಿದರೆ ಸಮಸ್ಯೆಯ ಬೇರು ಕಾಣುತ್ತದೆ. ಎಲ್ಲ ಚಾನೆಲ್‌ಗಳೂ ಒಂದೇ ವೈರಿನಲ್ಲಿ ಒಟ್ಟಿಗೆ ಹರಿಯುತ್ತಿದ್ದವು. ನಡುವೆ ಒಂದು ಆಂಪ್ಲಿಫೈಯರ್ ಕೂರಿಸಿ, ವೈರು ಸೀಳಿದರೆ ಇನ್ನೂ ಹತ್ತು ಮನೆಗೆ ಸಂಪರ್ಕ ಸಿಗುತ್ತಿತ್ತು. ಮನೆಯ ಟಿವಿಯಿಂದ ಕೇಂದ್ರಕ್ಕೆ ಯಾವ ಸುದ್ದಿಯೂ ಹಿಂದೆ ಹೋಗುತ್ತಿರಲಿಲ್ಲ. ಸಂಕೇತ ಎಷ್ಟು ಮನೆ ತಲುಪಿತೆಂಬುದು ಗೊತ್ತಿದ್ದದ್ದು ತಿಂಗಳ ಮೊದಲ ವಾರ ಮನೆಮನೆಗೆ ದುಡ್ಡಿಗೆ ಬರುತ್ತಿದ್ದ ಕೇಬಲ್‌ನವರಿಗೆ ಮಾತ್ರ.

ಅವರ ಮೇಲೆ ಎಂಎಸ್‌ಒ, ಅಂದರೆ ಹಲವು ಬಡಾವಣೆಗಳ ಕೇಬಲ್‌ಗೆ ಚಾನೆಲ್‌ಗಳನ್ನು ಒಟ್ಟುಮಾಡಿ ಕೊಡುವ ಕಂಪನಿ. ಅದರ ಮೇಲೆ ಚಾನೆಲ್ ಮಾಲೀಕರು. ಪೇ ಚಾನೆಲ್‌ನ ದರ ಒಂದು ಮನೆಗೆ ಇಷ್ಟು ಎಂದು. ಹಾಗಾಗಿ ಪ್ರತಿ ಹಂತದಲ್ಲೂ ಕೆಳಗಿನವರು ಮೇಲಿನವರಿಗೆ ಒಂದು ಸಂಖ್ಯೆ ಹೇಳಬೇಕಿತ್ತು. ಉದ್ಯಮದ ಮಾತಿನಲ್ಲಿ ಅದು ಎಸ್‌ಎಲ್‌ಆರ್, ಸಬ್‌ಸ್ಕ್ರೈಬರ್ ಲೈನ್ ರಿಪೋರ್ಟ್. ಹೆಸರಿಗೆ ಅದು ವರದಿ, ವಾಸ್ತವದಲ್ಲಿ ಚೌಕಾಸಿಯಿಂದ ಹುಟ್ಟಿದ ಸಂಖ್ಯೆ. ನಿಜವಾದ ಮನೆಗಳಲ್ಲಿ ಒಂದು ಪಾಲಷ್ಟೇ ಕಾಗದದ ಮೇಲೆ ಬರುತ್ತದೆಂದು ಎರಡೂ ಕಡೆಯವರಿಗೆ ತಿಳಿದಿತ್ತು. ಚಾನೆಲ್‌ನವರು ಅದನ್ನು ಅರಿತೇ ದರ ಏರಿಸುತ್ತಿದ್ದರು, ಆಪರೇಟರ್‌ಗಳು ದರ ಏರಿತೆಂದು ಸಂಖ್ಯೆ ಇಳಿಸುತ್ತಿದ್ದರು. ಮನರಂಜನಾ ತೆರಿಗೆ ಇದ್ದ ರಾಜ್ಯಗಳಲ್ಲಿ ತೆರಿಗೆ ಕಚೇರಿಗೂ ಒಂದು ಸಂಖ್ಯೆ ಹೋಗಬೇಕಿತ್ತು. ಒಬ್ಬರೇ ಆಪರೇಟರ್ ಬಳಿ ಎಂಎಸ್‌ಒಗೆ ಒಂದು, ಸರ್ಕಾರಕ್ಕೊಂದು, ವಸೂಲಿ ಪುಸ್ತಕದಲ್ಲೊಂದು ಲೆಕ್ಕ ಇರಲು ಈ ಏರ್ಪಾಡು ದಾರಿ ಮಾಡಿಕೊಟ್ಟಿತು.

ಸ್ವಯಂಘೋಷಣೆಯನ್ನು ಸಮರ್ಥಿಸುವವರ ವಾದವನ್ನು ಇಲ್ಲಿ ಗಂಭೀರವಾಗಿ ಕೇಳಬೇಕು. ಕಂಪನಿಗಳೇ ವರದಿ ಕೊಡಲಿ, ಸುಳ್ಳು ಸಿಕ್ಕರೆ ದಂಡ ಹಾಕಲಿ ಎಂಬುದು ಅವರ ನಿಲುವು. ಅದು ಅಗ್ಗ, ಬೇಗ, ಸಣ್ಣ ಉದ್ಯಮಕ್ಕೆ ಹೊರೆಯಲ್ಲ. ವರದಿಗೂ ಪಾವತಿಗೂ ಸಂಬಂಧವಿಲ್ಲದ ಕಡೆ ಇದು ಸರಿಯಾಗಿಯೇ ನಡೆಯುತ್ತದೆ. ಎಷ್ಟು ಕಿಲೋಮೀಟರ್ ಫೈಬರ್ ಹಾಸಿದಿರಿ ಎಂದು ಕೇಳಿದರೆ ಸುಳ್ಳು ಹೇಳಿ ಯಾರಿಗೂ ದೊಡ್ಡ ಲಾಭವಿಲ್ಲ. ಸಂಖ್ಯೆಯೇ ಬಿಲ್ ಆಗುವ ಕಡೆ ಈ ವಾದ ಕುಸಿಯುತ್ತದೆ. ದಂಡದ ಬೆದರಿಕೆಯೂ ದೊಡ್ಡದಲ್ಲ: ಟ್ರಾಯ್ ಕಾಯ್ದೆಯ ಪ್ರಕಾರ ಪ್ರಾಧಿಕಾರದ ನಿರ್ದೇಶನ ಮುರಿದರೆ ಮೊದಲ ತಪ್ಪಿಗೆ ಗರಿಷ್ಠ 1 ಲಕ್ಷ ರೂಪಾಯಿ. ಲಕ್ಷಾಂತರ ಮನೆಗಳ ತಿಂಗಳ ಚಂದಾದ ಮುಂದೆ ಆ ಮೊತ್ತ ಯಾರನ್ನೂ ತಡೆಯದು.

ಪೆಟ್ಟಿಗೆಯೇ ಲೆಕ್ಕ ಹೇಳಲಿ

ಮನುಷ್ಯರ ಮಾತು ಬೇಡ, ಯಂತ್ರ ಹೇಳಲಿ ಎಂಬುದು ಎರಡನೆಯ ಪಂಥ. ಪ್ರತಿ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್ ಇದ್ದು, ಕೇಂದ್ರದಿಂದ ಅನುಮತಿ ಬಂದರೆ ಮಾತ್ರ ಚಾನೆಲ್ ತೆರೆಯುವುದಾದರೆ ಅನುಮತಿ ಪಡೆದ ಬಾಕ್ಸ್‌ಗಳೇ ಚಂದಾದಾರರ ಸಂಖ್ಯೆಯಾಗುತ್ತವೆ.

ಮೊದಲ ಪ್ರಯತ್ನ ಕ್ಯಾಸ್, ಅಂದರೆ ಕಂಡಿಷನಲ್ ಆಕ್ಸೆಸ್ ಸಿಸ್ಟಮ್. 2002ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, 2003ರಲ್ಲಿ ಚೆನ್ನೈಯಲ್ಲಿ ಜಾರಿಯಾಯಿತು. ದೆಹಲಿ, ಮುಂಬೈ, ಕೋಲ್ಕತ್ತಗಳ ಕೆಲವು ಭಾಗಗಳಿಗೆ ಕೋರ್ಟಿನ ಮಧ್ಯಪ್ರವೇಶದ ನಂತರ 2006ರ ಡಿಸೆಂಬರ್ 31ಕ್ಕೆ ಬಂತು. ಒಂದು ಪೇ ಚಾನೆಲ್‌ಗೆ 5 ರೂಪಾಯಿ, ಉಚಿತ ಚಾನೆಲ್‌ಗಳ ಮೂಲ ಗೊಂಚಲಿಗೆ 77 ರೂಪಾಯಿ ಎಂದು ಟ್ರಾಯ್ ದರ ಕಟ್ಟಿತು. ಪೇ ಚಾನೆಲ್ ಬೇಕೆಂದವರಿಗಷ್ಟೇ ಬಾಕ್ಸ್ ಬೇಕಿದ್ದರಿಂದ, ಊರಿನ ಒಂದು ಭಾಗದಲ್ಲಿ ಹೊಸ ಪದ್ಧತಿ, ಪಕ್ಕದಲ್ಲೇ ಹಳೆಯದು ಎಂಬ ಸ್ಥಿತಿ ಇದ್ದದ್ದರಿಂದ ಯೋಜನೆ ಹಬ್ಬಲಿಲ್ಲ.

ಎರಡನೆಯ ಪ್ರಯತ್ನ ಇಡೀ ದೇಶದ್ದು. 2010ರಲ್ಲಿ ಟ್ರಾಯ್ ಶಿಫಾರಸು, 2011ರಲ್ಲಿ ಕಾಯ್ದೆಯ ತಿದ್ದುಪಡಿ, ನಾಲ್ಕು ಹಂತಗಳಲ್ಲಿ ಕಡ್ಡಾಯ ಡಿಜಿಟಲೀಕರಣ. ಮೊದಲು ಮಹಾನಗರಗಳು, 2012ರ ಅಕ್ಟೋಬರ್ 31ಕ್ಕೆ. ನಂತರ 38 ನಗರಗಳು, 2013ರ ಮಾರ್ಚ್ 31ಕ್ಕೆ. ಬೆಂಗಳೂರು, ಮೈಸೂರು ಈ ಪಟ್ಟಿಯಲ್ಲಿದ್ದವು. ಉಳಿದ ಪಟ್ಟಣಗಳು ಮತ್ತು ಹಳ್ಳಿಗಳಿಗೆ ಮತ್ತೆ ಮತ್ತೆ ಗಡುವು ಮುಂದೂಡಿ 2017ರ ಮಾರ್ಚ್ 31ಕ್ಕೆ ಮುಗಿಸಿದರು. ತಮಿಳುನಾಡಿನಲ್ಲಿ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡುತ್ತಿದ್ದ ಸರ್ಕಾರಿ ಸಂಸ್ಥೆ ಅರಸು ಕೇಬಲ್‌ಗೆ ಡಿಜಿಟಲ್ ಪರವಾನಗಿ ಸಿಕ್ಕಿದ್ದೇ 2017ರಲ್ಲಿ. ರಾಜ್ಯ ಸರ್ಕಾರವೊಂದು ಕೇಬಲ್ ನಡೆಸಬಹುದೇ ಎಂಬ ಪ್ರಶ್ನೆ ಅಷ್ಟು ವರ್ಷ ಅದನ್ನು ತಡೆದಿತ್ತು.

ಈ ಪಂಥದ ಗೆಲುವು ದೊಡ್ಡದು. ಎಸ್‌ಎಲ್‌ಆರ್ ಚೌಕಾಸಿ ಬಹುಮಟ್ಟಿಗೆ ಹೋಯಿತು. ಆದರೆ ಬಾಕ್ಸ್ ಹಂಚಿದ ಕೂಡಲೇ ಲೆಕ್ಕ ಸಿಗಲಿಲ್ಲ. ಮನೆಗೆ ಬಾಕ್ಸ್ ಬಂತು, ಆ ಮನೆ ಯಾರದೆಂಬ ಅರ್ಜಿ ಎಂಎಸ್‌ಒಗೆ ಬರಲಿಲ್ಲ. 2013ರಲ್ಲಿ ಟ್ರಾಯ್ ಗ್ರಾಹಕರ ಅರ್ಜಿ ತುಂಬಿಸಿ ದಾಖಲಿಸಿಕೊಳ್ಳಿ ಎಂದು ಪದೇಪದೇ ನಿರ್ದೇಶನ ಕೊಡಬೇಕಾಯಿತು. ಕೇಬಲ್‌ನವರು ಹೆಸರು ಬಿಟ್ಟುಕೊಡಲು ಒಪ್ಪಲಿಲ್ಲ, ಅದಕ್ಕೆ ಕಾರಣವೂ ಇತ್ತು: ಇಪ್ಪತ್ತು ವರ್ಷ ಕಟ್ಟಿದ ವ್ಯಾಪಾರದಲ್ಲಿ ಅವರಿಗೆ ಉಳಿದಿದ್ದ ಆಸ್ತಿ ಆ ಗ್ರಾಹಕರ ಪಟ್ಟಿ. ಅದನ್ನು ಕೊಟ್ಟ ಮರುದಿನ ಕಂಪನಿ ತಮ್ಮನ್ನು ಬಿಟ್ಟು ನೇರವಾಗಿ ಮನೆಗೆ ಹೋದರೆ ಏನು ಗತಿ ಎಂಬ ಭಯ ಅವರದು. ಪಾರದರ್ಶಕತೆಯ ಹೆಸರಿನಲ್ಲಿ ಬಂದ ಸುಧಾರಣೆ ದುರ್ಬಲರಿಂದ ಬಲಾಢ್ಯರಿಗೆ ಮಾಹಿತಿಯನ್ನು ವರ್ಗಾಯಿಸಿತು ಎಂಬ ಅವರ ದೂರಿನಲ್ಲಿ ಸತ್ಯವಿದೆ ಎಂದೇ ನನ್ನ ಅನಿಸಿಕೆ.

ಯಂತ್ರಕ್ಕೆ ಕಾಣದ ಮನೆಗಳೂ ಇವೆ. ದೂರದರ್ಶನ 2004ರ ಡಿಸೆಂಬರ್‌ನಲ್ಲಿ ಶುರುಮಾಡಿದ, ಈಗ ಫ್ರೀ ಡಿಶ್ ಎನ್ನಿಸಿಕೊಂಡ ಸೇವೆಗೆ ತಿಂಗಳ ಚಂದಾ ಇಲ್ಲ, ನೋಂದಣಿ ಇಲ್ಲ. ಅಂಗಡಿಯಲ್ಲಿ ಡಿಶ್ ಕೊಂಡು ತಾರಸಿಗೆ ಕಟ್ಟಿದರೆ ಸಾಕು. ಕೋಟಿಗಟ್ಟಲೆ ಬಡ ಮನೆಗಳು ಇದನ್ನು ನೋಡುತ್ತವೆ. ಅಷ್ಟು ದೊಡ್ಡ ಸೇವೆಗೂ ಸಿಗುವುದು ಸಮೀಕ್ಷೆಯ ಅಂದಾಜು ಮಾತ್ರ. ಚಂದಾ ಕಟ್ಟುವವರನ್ನು ತಿಂಗಳಿಗೆ ನಾಲ್ಕು ಸಲ ಎಣಿಸುವ ವ್ಯವಸ್ಥೆಗೆ ಚಂದಾ ಕಟ್ಟಲಾಗದವರನ್ನು ಎಣಿಸುವ ದಾರಿ ಇಲ್ಲ.

ಪರಿಶೋಧಕರ ಪಂಥ

ಯಂತ್ರವೂ ಮಾಲೀಕನದ್ದೇ ಎಂಬುದು ಮೂರನೆಯವರ ಮಾತು. ಬಾಕ್ಸ್‌ಗೆ ಅನುಮತಿ ಕೊಡುವ ವ್ಯವಸ್ಥೆ ಒಂದು, ಗ್ರಾಹಕರ ಲೆಕ್ಕ ಇಡುವ ವ್ಯವಸ್ಥೆ ಇನ್ನೊಂದು. ಎರಡೂ ತಾಳೆಯಾದರೆ ಸರಿ. ಆದರೆ ಒಂದರಲ್ಲಿ ಚಾಲೂ ಇರುವ ಬಾಕ್ಸ್ ಇನ್ನೊಂದರಲ್ಲಿ ಕಾಣದೇ ಹೋಗುವಂತೆ ಮಾಡಲು ಸಾಧ್ಯ. ಅದಕ್ಕೇ 2017ರ ನಿಯಮಗಳು ವರ್ಷಕ್ಕೊಮ್ಮೆ ಆಡಿಟ್ ಕಡ್ಡಾಯ ಮಾಡಿದವು. ಟ್ರಾಯ್ ಪಟ್ಟಿಯ ಪರಿಶೋಧಕರು ಅಥವಾ ಸರ್ಕಾರಿ ಸಂಸ್ಥೆ ಬೆಸಿಲ್ ಆ ಕೆಲಸ ಮಾಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ಚಾನೆಲ್‌ನವರು ತಾವೇ ಆಡಿಟ್ ಮಾಡಿಸಬಹುದು. ಹೇಗೆ ಮಾಡಬೇಕೆಂಬ ಕೈಪಿಡಿ 2019ರ ನವೆಂಬರ್‌ನಲ್ಲಿ ಬಂತು.

ದೂರಸಂಪರ್ಕದಲ್ಲಿ ಈ ಪಂಥದ ಕಥೆ ಇನ್ನೂ ದೊಡ್ಡದು. 1999ರ ನೀತಿಯಿಂದ ಕಂಪನಿಗಳು ನಿಗದಿತ ಪರವಾನಗಿ ಶುಲ್ಕ ಬಿಟ್ಟು ಆದಾಯದಲ್ಲಿ ಪಾಲು ಕೊಡತೊಡಗಿದವು. ಕೂಡಲೇ ಆದಾಯ ಎಂದರೆ ಯಾವುದೆಲ್ಲ ಎಂಬ ಜಗಳ ಶುರುವಾಯಿತು. ಖಾಸಗಿ ಕಂಪನಿಗಳ ಈ ಲೆಕ್ಕವನ್ನು ಮಹಾಲೇಖಪಾಲರು, ಅಂದರೆ ಸಿಎಜಿ, ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಹೇಳಿತು. 2019ರ ಅಕ್ಟೋಬರ್ 24ರ ತೀರ್ಪು ದೂರಸಂಪರ್ಕದ್ದಲ್ಲದ ಆದಾಯವನ್ನೂ ಲೆಕ್ಕಕ್ಕೆ ಸೇರಿಸಿತು. ಬಾಕಿ, ಬಡ್ಡಿ, ದಂಡ ಸೇರಿ ಹಲವು ಕಂಪನಿಗಳು ಅಲುಗಾಡಿದವು. 2021ರಲ್ಲಿ ಸರ್ಕಾರ ಮುಂದಿನ ಲೆಕ್ಕಕ್ಕೆ ಆ ಆದಾಯವನ್ನು ಕೈಬಿಟ್ಟಿತು. ಎರಡು ದಶಕದ ನಷ್ಟಕ್ಕೆ ಕಾರಣವಾದದ್ದು ಸುಳ್ಳು ಲೆಕ್ಕ ಎನ್ನುವುದಕ್ಕಿಂತ, ಮೊದಲೇ ಸ್ಪಷ್ಟಮಾಡದೆ ಬಿಟ್ಟ ವ್ಯಾಖ್ಯೆ. ಪರಿಶೋಧಕರು ಕೂಡಿಸಿದ್ದು ಸರಿಯೇ ಎಂದು ನೋಡಬಲ್ಲರು. ಏನನ್ನು ಕೂಡಿಸಬೇಕೆಂಬುದು ಅವರ ಕೈಯಲ್ಲಿಲ್ಲ.

ಅಮೆರಿಕದಲ್ಲಿ 70ರ ಮೇಲೆ 70

ಕಾನೂನು ಒಂದು ಸಂಖ್ಯೆಯ ಮೇಲೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ನಿಚ್ಚಳ ಉದಾಹರಣೆ ಅಮೆರಿಕದ್ದು. ಅಲ್ಲಿ 1984ರ ಕೇಬಲ್ ಕಾಯ್ದೆ ಉದ್ಯಮಕ್ಕೆ ಸಾಕಷ್ಟು ಸ್ವಾತಂತ್ರ್ಯ ಕೊಟ್ಟಿತು. ಜೊತೆಗೆ ಒಂದು ಷರತ್ತು ಸೇರಿಸಿತು. 36 ಅಥವಾ ಹೆಚ್ಚು ಚಾನೆಲ್ ಇರುವ ಕೇಬಲ್ ದೇಶದ ಶೇ 70ರಷ್ಟು ಮನೆಗಳಿಗೆ ಲಭ್ಯವಾಗಿ, ಹಾಗೆ ಲಭ್ಯವಿದ್ದ ಮನೆಗಳಲ್ಲಿ ಶೇ 70ರಷ್ಟು ಚಂದಾದಾರರಾದರೆ, ವೈವಿಧ್ಯ ಕಾಪಾಡಲು ಸಂಪರ್ಕ ಆಯೋಗ ಎಫ್‌ಸಿಸಿ ಹೆಚ್ಚುವರಿ ನಿಯಮ ಮಾಡಬಹುದು. ಆ ಷರತ್ತು ಎರಡು ದಶಕ ಕಾಯ್ದೆಯಲ್ಲಿ ಮಲಗಿತ್ತು.

2007ರಲ್ಲಿ ಆಯೋಗದ ಅಧ್ಯಕ್ಷ ಕೆವಿನ್ ಮಾರ್ಟಿನ್ ಎರಡೂ ಮಿತಿ ದಾಟಿವೆ ಎಂದು ವಾದಿಸಿದರು. ಗ್ರಾಹಕರು ಬೇಕಾದ ಚಾನೆಲ್ ಮಾತ್ರ ಬಿಡಿಯಾಗಿ ಕೊಳ್ಳುವಂತಾಗಬೇಕೆಂಬುದು ಅವರ ಬಹುದಿನದ ಆಸೆ, ಕೇಬಲ್ ಕಂಪನಿಗಳಿಗೆ ಅದು ಬಿಲ್‌ಕುಲ್ ಬೇಡವಾಗಿತ್ತು. ಮೊದಲ 70ರ ಬಗ್ಗೆ ತಕರಾರಿರಲಿಲ್ಲ. ಎರಡನೆಯದಕ್ಕೆ ವಾರನ್ ಎಂಬ ಖಾಸಗಿ ಪ್ರಕಾಶನ ಸಂಸ್ಥೆಯ ಅಂಕಿ 71.4 ಎಂದಿತು. ಬೇರೆ ಮೂಲಗಳ ಅಂಕಿಗಳು 70ಕ್ಕಿಂತ ಕೆಳಗಿದ್ದವು. ವ್ಯತ್ಯಾಸದ ಗುಟ್ಟು ಭಾಜಕದಲ್ಲಿತ್ತು: ಕೇಬಲ್ ವೈರು ಹಾದುಹೋಗುವ ಮನೆಗಳನ್ನು ಹೇಗೆ ಎಣಿಸಬೇಕು? ಆ ಮನೆಗಳನ್ನು ಕಡಿಮೆ ಎಣಿಸಿದರೆ ಚಂದಾದಾರರ ಪಾಲು ತಾನಾಗಿ ಏರುತ್ತದೆ. 2007ರ ನವೆಂಬರ್ 27ರ ಸಭೆಯಲ್ಲಿ ಸಹಸದಸ್ಯರ ಬಹುಮತ ಒಂದೇ ಮೂಲದ ಆ ಸಂಖ್ಯೆಯನ್ನು ಒಪ್ಪಲಿಲ್ಲ. ಹೊಸದಾಗಿ ಕಂಪನಿಗಳಿಂದಲೇ ಮಾಹಿತಿ ತರಿಸೋಣ ಎಂದು ತೀರ್ಮಾನವಾಯಿತು. ಮರುವರ್ಷ ಸಂಸತ್ತಿನ ಕೆಳಮನೆಯ ಸಮಿತಿ ಸಿಬ್ಬಂದಿಯ ವರದಿ ಈ ಪ್ರಕರಣದಲ್ಲಿ ಅಂಕಿಅಂಶ ನಿರ್ವಹಿಸಿದ ರೀತಿಯನ್ನು ಕಟುವಾಗಿ ಟೀಕಿಸಿತು.

ಇಲ್ಲಿ ಎಲ್ಲರೂ ಮಾರ್ಟಿನ್ ಅವರನ್ನೇ ದೂರುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ: 23 ವರ್ಷ ಕಾಯ್ದೆಯಲ್ಲಿದ್ದ ಒಂದು ಶೇಕಡಾವಾರನ್ನು ಅಳೆಯುವ ಒಪ್ಪಿತ ವಿಧಾನವನ್ನು ಆಯೋಗ ರೂಪಿಸಿಕೊಂಡೇ ಇರಲಿಲ್ಲ. ಬೇಕಾದ ದಿನ ಬೇಕಾದವರು ಬೇಕಾದ ಪುಸ್ತಕ ತೆಗೆದರು. ಮಾರ್ಟಿನ್ ಬಯಸಿದ ಬಿಡಿ ಚಾನೆಲ್ ಆಯ್ಕೆ ಅಮೆರಿಕದಲ್ಲಿ ಕಾನೂನಾಗಲಿಲ್ಲ. ಭಾರತದಲ್ಲಿ 2017ರ ದರ ಆದೇಶ ಅದನ್ನು ಕಡ್ಡಾಯ ಮಾಡಿತು, 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಆಮೇಲಿನ ಅಮೆರಿಕದಿಂದ ಕಲಿಯಬೇಕಾದ್ದೂ ಇದೆ. ಬ್ರಾಡ್‌ಬ್ಯಾಂಡ್ ಲೆಕ್ಕದಲ್ಲಿ ಜನಗಣತಿಯ ಒಂದು ಬ್ಲಾಕಿನಲ್ಲಿ ಒಂದೇ ಒಂದು ಮನೆಗೆ ಸೇವೆ ಕೊಡಬಹುದಾಗಿದ್ದರೂ ಇಡೀ ಬ್ಲಾಕಿಗೆ ಸೇವೆ ಇದೆ ಎಂದು ಬರೆಯುತ್ತಿದ್ದರು. ಹಳ್ಳಿಗಾಡಿನ ವಿಶಾಲ ಬ್ಲಾಕುಗಳಲ್ಲಿ ಇದು ಸಾವಿರಾರು ಮನೆಗಳ ಕೊರತೆಯನ್ನು ಮುಚ್ಚಿತು. 2020ರ ಕಾನೂನಿನ ನಂತರ, 2022ರ ನವೆಂಬರ್‌ನಲ್ಲಿ ವಿಳಾಸ ವಿಳಾಸವಾಗಿ ತೋರಿಸುವ ನಕ್ಷೆ ಬಂತು. ನನ್ನ ಮನೆಗೆ ಈ ಕಂಪನಿ ಸೇವೆ ಕೊಡುತ್ತಿಲ್ಲ ಎಂದು ನಿವಾಸಿಯೇ ಆ ನಕ್ಷೆಯನ್ನು ಪ್ರಶ್ನಿಸುವ ಅವಕಾಶವೂ ಬಂತು. ಎಣಿಕೆಗೆ ಒಳಗಾದವರಿಗೆ ಎಣಿಕೆ ತಪ್ಪು ಎಂದು ಹೇಳುವ ಹಕ್ಕು ಕೊಟ್ಟದ್ದು ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಹೆಜ್ಜೆ.

ಮೊಬೈಲ್‌ನಲ್ಲಿ ಹಿಗ್ಗಿದ ಸಂಖ್ಯೆ

ಕೇಬಲ್‌ನ ವ್ಯಾಧಿ ಮೊಬೈಲ್‌ನಲ್ಲಿ ತಿರುಗುಮುರುಗಾಗಿ ಕಾಣಿಸಿತು. 2ಜಿ ಕಾಲದಲ್ಲಿ ಹೆಚ್ಚುವರಿ ತರಂಗಾಂತರ ಸಿಗುತ್ತಿದ್ದದ್ದು ಚಂದಾದಾರರ ಸಂಖ್ಯೆ ನೋಡಿ. ಹೆಚ್ಚು ಗ್ರಾಹಕರಿದ್ದಾರೆಂದು ತೋರಿಸಿದರೆ ಹೆಚ್ಚು ತರಂಗಾಂತರ. ಒಬ್ಬರ ಕಿಸೆಯಲ್ಲಿ ಎರಡು ಮೂರು ಸಿಮ್, ಒಂದು ಯೋಜನೆಯ ಆಸೆಗೆ ಕೊಂಡು ಮರೆತದ್ದು, ಎಲ್ಲವೂ ಪಟ್ಟಿಯಲ್ಲಿ ಉಳಿದವು. 2012ರಲ್ಲಿ ಕಂಪನಿಗಳು ನಿಷ್ಕ್ರಿಯ ಸಿಮ್‌ಗಳನ್ನು ಕಿತ್ತುಹಾಕತೊಡಗಿದಾಗ, ಜೂನ್‌ನಲ್ಲಿ 96 ಕೋಟಿ ದಾಟಿದ್ದ ಒಟ್ಟು ಸಂಪರ್ಕಗಳು ವರ್ಷಾಂತ್ಯಕ್ಕೆ 90 ಕೋಟಿಗಿಂತ ಕೆಳಗಿಳಿದವು. ಆರು ತಿಂಗಳಲ್ಲಿ ಅಷ್ಟು ಜನ ಫೋನ್ ಬಿಟ್ಟದ್ದಲ್ಲ; ಅವರು ಎಂದೂ ಇರಲೇ ಇಲ್ಲ.

ಈಗ ಟ್ರಾಯ್ ತಿಂಗಳ ವರದಿಯಲ್ಲಿ ಸಕ್ರಿಯ ಚಂದಾದಾರರನ್ನೂ ಬೇರೆಯಾಗಿ ಕೊಡುತ್ತದೆ. ಚಾಲೂ ಇರುವ ಫೋನ್ ಯಾವ ಪ್ರದೇಶದಲ್ಲಿದೆ ಎಂದು ಜಾಲ ತಾನೇ ಬರೆದಿಟ್ಟುಕೊಳ್ಳುವ ವಿಎಲ್‌ಆರ್ ದಾಖಲೆಯಿಂದ ಅದನ್ನು ತೆಗೆಯುತ್ತಾರೆ. ಒಟ್ಟಿಗೂ ಸಕ್ರಿಯಕ್ಕೂ ಇಂದಿಗೂ ಕೋಟಿಗಳ ಅಂತರ. ಆದರೂ ಪತ್ರಿಕೆಯ ತಲೆಬರಹಕ್ಕೆ ಬರುವುದು ಒಟ್ಟು ಸಂಖ್ಯೆ.

ನೂರು ಜನರಿಗೆ ಎಷ್ಟು ಫೋನ್ ಎಂಬ ದೂರವಾಣಿ ಸಾಂದ್ರತೆಯದ್ದೂ ಇದೇ ಕಥೆ. 1999ರ ನೀತಿ 2010ರ ಹೊತ್ತಿಗೆ ದೇಶದಲ್ಲಿ 15, ಹಳ್ಳಿಗಳಲ್ಲಿ 0.4ರಿಂದ 4ಕ್ಕೆ ಏರಿಸುವ ಗುರಿ ಇಟ್ಟಿತ್ತು. ಮೊಬೈಲ್ ಆ ಗುರಿಯನ್ನು ಎಲ್ಲೋ ಹಿಂದೆ ಬಿಟ್ಟಿತು. ದೆಹಲಿಯ ಸಾಂದ್ರತೆ 200 ದಾಟಿದೆ ಎಂದು ಓದಿ ಬೆರಗಾಗುವವರು ವರದಿಯ ಅಡಿಟಿಪ್ಪಣಿ ನೋಡಬೇಕು: ದೆಹಲಿ ವಲಯದ ಚಂದಾದಾರರಲ್ಲಿ ನೊಯಿಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳೂ ಸೇರಿವೆ. ಎಲ್ಲ ವಲಯಗಳಲ್ಲೂ ಭಾಗಿಸುವ ಜನಸಂಖ್ಯೆ 2011ರ ಜನಗಣತಿಯಿಂದ ಮುಂದಕ್ಕೆ ಅಂದಾಜಿಸಿದ್ದು. 2021ರದ್ದು ನಡೆಯಲೇ ಇಲ್ಲ.

ಗುಣಮಟ್ಟದ ವರದಿಗಳಲ್ಲಿ ಸರಾಸರಿ ಇನ್ನೊಂದು ಪರದೆ. ಕರೆ ತುಂಡಾದರೆ ಗ್ರಾಹಕರಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತು. ನಿಮ್ಮದೇ ಮಾನದಂಡ ಶೇ 2ರಷ್ಟು ಕರೆ ತುಂಡಾಗುವುದನ್ನು ಒಪ್ಪುವಾಗ ಪ್ರತಿ ಕರೆಗೂ ದಂಡ ಹೇಗೆ ಎಂದು 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆ ಶೇ 2 ಇಡೀ ವಲಯದ ತಿಂಗಳ ಸರಾಸರಿ. ಕರ್ನಾಟಕ ಒಂದೇ ವಲಯ. ಬೆಂಗಳೂರಿನ ಕೋಟಿಗಟ್ಟಲೆ ಕರೆಗಳು ಸರಾಸರಿಯನ್ನು ಚೆನ್ನಾಗಿ ತೋರಿಸುವಾಗ ಉತ್ತರ ಕನ್ನಡದ, ಕೊಡಗಿನ ಕಣಿವೆಯ ಊರುಗಳು ಅದರಲ್ಲಿ ಕರಗಿಹೋಗುತ್ತವೆ. 2020ರಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತಾಗಲೂ ವಲಯದ ಸರಾಸರಿಯಲ್ಲಿ ಅವರ ಸಂಕಟ ಕಾಣುವಂತಿರಲಿಲ್ಲ. ಸಿಗ್ನಲ್ಲೇ ಇಲ್ಲದ ಕಡೆ ಕರೆಯೇ ಹುಟ್ಟುವುದಿಲ್ಲ, ಹುಟ್ಟದ ಕರೆ ತುಂಡಾಗುವುದಿಲ್ಲ. 2017ರಲ್ಲಿ ಬರೀ ಸರಾಸರಿಯ ಬದಲು ಕಳಪೆ ಗೋಪುರಗಳೂ ಕಾಣುವ ಅಳತೆ ಬಂತು. 2024ರ ಆಗಸ್ಟ್‌ನ ನಿಯಮಗಳು ತಿಂಗಳವಾರು ಮೇಲ್ವಿಚಾರಣೆ ತಂದು, ಎಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ತೋರಿಸಬೇಕೆಂದವು. ತಡವಾಗಿ ಬಂದ ಒಳ್ಳೆಯ ಹೆಜ್ಜೆಗಳಿವು.

ಮನೆಬಾಗಿಲಿಗೆ ಹೋಗಿ ಕೇಳುವವರು

ನಾಲ್ಕನೆಯ ಪಂಥ ಕಂಪನಿಗಳನ್ನು ಪೂರ್ತಿ ಬಿಟ್ಟು ಜನರನ್ನು ಕೇಳುತ್ತದೆ. 2011ರ ಜನಗಣತಿಯಲ್ಲಿ ಶೇ 47.2 ಮನೆಗಳಲ್ಲಿ ಟಿವಿ, ಶೇ 63.2 ಮನೆಗಳಲ್ಲಿ ಫೋನ್ ಇತ್ತು. ಅದೇ ವರ್ಷ ಕಂಪನಿಗಳ ಲೆಕ್ಕದ ಸಾಂದ್ರತೆ 70 ದಾಟಿತ್ತು. ಎರಡೂ ನಿಜವಾಗಿರಬಹುದು, ಒಂದು ಸಿಮ್ ಎಣಿಸಿತು, ಇನ್ನೊಂದು ಮನೆ ಎಣಿಸಿತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಶೇ 24ರಷ್ಟು ಮನೆಗಳಲ್ಲಿ ಮಾತ್ರ ಇಂಟರ್ನೆಟ್ ಕಂಡಿತು. 2025ರ ಮೊದಲ ಮೂರು ತಿಂಗಳ ದೂರಸಂಪರ್ಕ ಸಮೀಕ್ಷೆ ಶೇ 86 ಎಂದಿತು. ಜಿಯೋ ನಂತರದ ಅಗ್ಗದ ಡೇಟಾ ದೊಡ್ಡ ಕಾರಣ ಹೌದು, ಆದರೆ ಎರಡೂ ಸಮೀಕ್ಷೆಗಳ ಉದ್ದೇಶ, ಪ್ರಶ್ನಾವಳಿ ಒಂದೇ ಅಲ್ಲ ಎಂಬುದನ್ನು ಮರೆಯಬಾರದು.

ಸಮೀಕ್ಷೆಗೆ ಮಾತ್ರ ಕಾಣುವ ಸತ್ಯಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ 57, ಹೆಂಗಸರು ಶೇ 33. ಯಾವ ಸಿಮ್ ಪಟ್ಟಿಯೂ ಇದನ್ನು ಹೇಳಲಾರದು, ಏಕೆಂದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಫೋನ್ ಅವರ ಕೈಯಲ್ಲೇ ಇರುತ್ತದೆಂದಿಲ್ಲ. ಸಮೀಕ್ಷೆಯ ಕೊರತೆಯೂ ಸ್ಪಷ್ಟ: ನಿಧಾನ, ದುಬಾರಿ, ಮಾದರಿಯ ಮೇಲೆ ನಿಂತದ್ದು. ಸಣ್ಣ ಮಾದರಿಯ ಮೇಲೆ ದೊಡ್ಡ ಹಣ ನಿಂತರೆ ಅದಕ್ಕೂ ಕೇಬಲ್‌ನ ವ್ಯಾಧಿಯೇ ತಗಲುತ್ತದೆ. ಟಿಆರ್‌ಪಿ ಅಳೆಯುವ ಮಾದರಿ ಮನೆಗಳಲ್ಲಿ ಕೆಲವನ್ನು ಪ್ರಭಾವಿಸಿದ ಆರೋಪ 2020ರಲ್ಲಿ ಮುಂಬೈ ಪೊಲೀಸರ ಪ್ರಕರಣವಾಗಿ, ಸುದ್ದಿ ಚಾನೆಲ್‌ಗಳ ರೇಟಿಂಗ್ ಒಂದು ವರ್ಷಕ್ಕೂ ಹೆಚ್ಚು ನಿಂತದ್ದು ಇದೇ ಕಾರಣಕ್ಕೆ.

ನಿಯಂತ್ರಣವೇ ಬೇಡ ಎನ್ನುವವರು

ಸ್ಪರ್ಧೆ ಇದ್ದ ಕಡೆ ಸರ್ಕಾರ ದರ ಕಟ್ಟುವುದೇಕೆ, ದರ ಕಟ್ಟದಿದ್ದರೆ ಎಣಿಸುವುದೇಕೆ ಎಂಬುದು ಐದನೆಯ ವಾದ. ಅಮೆರಿಕದ 1992ರ ಕಾಯ್ದೆ ದರ ನಿಯಂತ್ರಣ ವಾಪಸು ತಂದಾಗ ಸ್ಪರ್ಧೆ ಇದೆಯೇ ಎಂದು ಪ್ರತಿ ಊರಿಗೂ ಲೆಕ್ಕ ಹಾಕಬೇಕಿತ್ತು: ಪೈಪೋಟಿಯ ಸೇವೆ ಅರ್ಧದಷ್ಟು ಮನೆಗಳಿಗೆ ಲಭ್ಯವಿದ್ದು, ಶೇ 15ಕ್ಕಿಂತ ಹೆಚ್ಚು ಮನೆಗಳು ಅದನ್ನು ಪಡೆದಿರಬೇಕು. 2015ರಲ್ಲಿ ಎಫ್‌ಸಿಸಿ ಸ್ಪರ್ಧೆ ಇದೆ ಎಂದೇ ಭಾವಿಸತೊಡಗಿತು. ಇಲ್ಲ ಎಂದು ಸಾಧಿಸುವ ಹೊರೆ ಸ್ಥಳೀಯ ಆಡಳಿತಗಳ ಮೇಲೆ ಬಿತ್ತು. ಕೇಬಲ್ ವ್ಯವಸ್ಥೆಗಳ ವಾರ್ಷಿಕ ವರದಿಯ ನಮೂನೆಯೊಂದನ್ನು 2018ರಲ್ಲಿ ಕೈಬಿಟ್ಟಿತು.

ಭಾರತವೂ ಆ ಕಡೆ ವಾಲುತ್ತಿದೆ. 2019ರಲ್ಲಿ ಜಾರಿಯಾದ ಪದ್ಧತಿಯಲ್ಲಿ 100 ಚಾನೆಲ್‌ಗೆ 130 ರೂಪಾಯಿ ಜಾಲ ಶುಲ್ಕದ ಮಿತಿ, ಪ್ಯಾಕ್‌ಗೆ ಸೇರುವ ಚಾನೆಲ್‌ಗೆ 19 ರೂಪಾಯಿ ಮಿತಿ ಇತ್ತು. 2020ರಲ್ಲಿ ಎರಡನೆಯದನ್ನು 12ಕ್ಕೆ ಇಳಿಸಲು ಹೋಗಿ, ಕೋರ್ಟಿನ ಸುತ್ತು ಮುಗಿಸಿ, 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೆ ಬಂದರು. 2024ರ ಜುಲೈನಲ್ಲಿ ಜಾಲ ಶುಲ್ಕದ ಮಿತಿಯನ್ನೇ ತೆಗೆದರು. ಜನ ಫೋನಿನಲ್ಲಿ ನೋಡತೊಡಗಿದ್ದಾರೆ, ಕೇಬಲ್ ಈಗ ಏಕಸ್ವಾಮ್ಯವಲ್ಲ ಎಂಬ ಸಮರ್ಥನೆಯಲ್ಲಿ ಹುರುಳಿದೆ: ಪೇ ಡಿಟಿಎಚ್‌ನ ಸಕ್ರಿಯ ಚಂದಾದಾರರು 2020ರ 7 ಕೋಟಿ ಆಸುಪಾಸಿನಿಂದ 2025ರ ಮಾರ್ಚ್‌ಗೆ 5.7 ಕೋಟಿ ಆಸುಪಾಸಿಗೆ ಇಳಿದಿದ್ದಾರೆ. ಆದರೆ ಸ್ಪರ್ಧೆ ಇದೆ ಎಂದು ತಿಳಿಯುವುದಕ್ಕೇ ಈ ಲೆಕ್ಕ ಬೇಕಾಯಿತಲ್ಲ! ನಿಯಂತ್ರಣ ಬಿಡುವ ಸರ್ಕಾರಕ್ಕೂ ಅಂಕಿಅಂಶ ಅಷ್ಟೇ ಅಗತ್ಯ. ಅದನ್ನು ನಿಲ್ಲಿಸಿದರೆ, ನಾಳೆ ಒಂದೇ ಕಂಪನಿ ಊರನ್ನೆಲ್ಲ ಹಿಡಿದಾಗ ಗೊತ್ತಾಗುವುದು ಬಿಲ್ ಕಟ್ಟುವವರಿಗೆ ಮಾತ್ರ.

ಇನ್ನೂ ಇತ್ಯರ್ಥವಾಗದ್ದು

ಯಾರ ಲೆಕ್ಕ ಬಹಿರಂಗವಾಗಬೇಕು ಎಂಬುದು ಮೊದಲನೆಯದು. ಟ್ರಾಯ್‌ನ ತ್ರೈಮಾಸಿಕ ವರದಿಯಲ್ಲಿ 10 ಲಕ್ಷಕ್ಕಿಂತ ಹೆಚ್ಚು ಚಂದಾದಾರರಿರುವ ಎಂಎಸ್‌ಒಗಳ ಅಂಕಿ ಮಾತ್ರ ಕಾಣುತ್ತದೆ. ಜಿಲ್ಲೆಯೊಂದರಲ್ಲಿ ಬಲವಾಗಿರುವ, ಆದರೆ ಆ ಮಿತಿಗಿಂತ ಚಿಕ್ಕದಾದ ಕಂಪನಿಯ ಹಿಡಿತ ಓದುಗರಿಗೆ ಸಿಗುವುದಿಲ್ಲ. ಚಾನೆಲ್‌ಗೂ ವಿತರಕರಿಗೂ ನಡುವಿನ ಒಪ್ಪಂದಗಳು ನಿಯಂತ್ರಕರಲ್ಲಿ ದಾಖಲಾಗುತ್ತವೆ. ವ್ಯಾಪಾರದ ಗುಟ್ಟು ಎಲ್ಲಿ ಮುಗಿದು ಸಾರ್ವಜನಿಕ ಹಿತ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯ ಬಗ್ಗೆ ಒಮ್ಮತವಿಲ್ಲ.

ಇಂಟರ್ನೆಟ್ ಮೂಲಕ ಕಾರ್ಯಕ್ರಮ ಕೊಡುವ ಒಟಿಟಿಯನ್ನು ಯಾರು ಎಣಿಸುವುದು ಎಂಬುದು ಇನ್ನೊಂದು. 1885ರ ಕಾಯ್ದೆಯ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆ ಆ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ಕೇಬಲ್, ಡಿಟಿಎಚ್, ಒಟಿಟಿಗಳನ್ನು ಒಂದೇ ಕಾನೂನಿಗೆ ತರಲು 2023ರ ನವೆಂಬರ್‌ನಲ್ಲಿ ಬಂದ ಪ್ರಸಾರ ಮಸೂದೆಯ ಕರಡು ವಿರೋಧಕ್ಕೆ ಸಿಕ್ಕಿ, ಅದರ ಪರಿಷ್ಕೃತ ರೂಪವನ್ನು 2024ರ ಆಗಸ್ಟ್‌ನಲ್ಲಿ ಹಿಂದೆ ಪಡೆದರು. ಒಂದು ಮನೆಯ ಪಾಸ್‌ವರ್ಡ್‌ನಲ್ಲಿ ಮೂರು ಮನೆಯವರು ನೋಡುವಾಗ ಚಂದಾದಾರರು ಯಾರು, ವೀಕ್ಷಕರು ಯಾರು ಎಂದು ಹೇಳುವ ವಿಧಾನ ಇನ್ನೂ ಯಾವ ನಿಯಮದಲ್ಲೂ ಇಲ್ಲ.

ವ್ಯಾಖ್ಯೆ ಬದಲಾಗುತ್ತಲೇ ಇರುವಾಗ ಹಳೆಯ ಸಂಖ್ಯೆಯನ್ನು ಹೊಸದರೊಂದಿಗೆ ಹೋಲಿಸುವುದು ಹೇಗೆಂಬುದೂ ಬಾಕಿ. ಬ್ರಾಡ್‌ಬ್ಯಾಂಡ್ ಎಂದರೆ 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರ ಜನವರಿಯಿಂದ 2 ಎಂಬಿಪಿಎಸ್. ಆ ವೇಗ ಕಾಗದದ ಮೇಲಿನದೇ, ಮನೆಗೆ ಮುಟ್ಟಿದ್ದೇ ಎಂಬ ಜಗಳ ಬೇರೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಸಂಪರ್ಕ ಇಲ್ಲದವರ ಲೆಕ್ಕ. ಕಂಪನಿಗಳು ಇರುವ ಗ್ರಾಹಕರನ್ನು ಎಣಿಸುತ್ತವೆ, ಆಡಿಟ್ ಅದನ್ನೇ ಪರಿಶೀಲಿಸುತ್ತದೆ, ಸಮೀಕ್ಷೆ ಮಾದರಿಯಲ್ಲಿ ಸಿಕ್ಕವರನ್ನು ಮಾತ್ರ ಕೇಳುತ್ತದೆ. ತನ್ನ ಊರಿಗೆ ಸಿಗ್ನಲ್ ಇಲ್ಲವೆಂದು, ಕಂಪನಿಯ ನಕ್ಷೆ ಸುಳ್ಳೆಂದು ಮಲೆನಾಡಿನ ಒಬ್ಬ ನಿವಾಸಿ ದಾಖಲಿಸಿದರೆ ಅದನ್ನು ಪರಿಶೀಲಿಸಿ, ಗಡುವಿನೊಳಗೆ ನಕ್ಷೆ ತಿದ್ದಲೇಬೇಕೆಂದು ಕಂಪನಿಯನ್ನು ಕಟ್ಟಿಹಾಕುವ ಕಾನೂನು ಭಾರತದಲ್ಲಿ ಬೇಕು. ಅದನ್ನು ನಡೆಸುವ ಹೊಣೆ ಟ್ರಾಯ್‌ದೋ, ದೂರಸಂಪರ್ಕ ಇಲಾಖೆಯದೋ, ಗ್ರಾಮ ಪಂಚಾಯಿತಿಯದೋ ಎಂಬುದರ ಮೇಲೆ ಚರ್ಚೆ ಆಗಬೇಕಿದೆ.